ಹದಿನಾಲ್ಕನೇ ಶೀಟಿನ ಬಿಳುಪು

ಕನ್ನಡಿಗಳ ಮೇಲಿಂದ ತಲೆಯೆತ್ತಿ ಗರ್ಟ್ರೂಡ್ ಎರಡೂ ಕಣ್ಣುಗಳನ್ನು ಅಂಗೈಯಿಂದ ಒತ್ತಿಕೊಂಡಳು. ಮನಸ್ಸಿನಲ್ಲೇ ಹತ್ತು ಎಣಿಸಿ ಮತ್ತೆ ಬಗ್ಗಿ ನೋಡಿದಳು. ಮೆಟ್ಟಿಲು ಅಲ್ಲಿಯೇ ಇತ್ತು.

ಮೊದಲ ಸಲ ಕಂಡಾಗ ಅದು ಫೋಟೋದ ಮೇಲಿನ ಗೀರು ಎಂದುಕೊಂಡಿದ್ದಳು. ಎರಡನೇ ಸಲ ಮೋಡದ ನೆರಳಿರಬೇಕೆಂದು ಸಮಾಧಾನ ಮಾಡಿಕೊಂಡಳು. ಆದರೆ ವಿಮಾನದಿಂದ ತೆಗೆದ ಎರಡು ಫೋಟೋಗಳನ್ನು ಪಕ್ಕಪಕ್ಕ ಇಟ್ಟು, ಕನ್ನಡಿಗಳ ಮೂಲಕ ಒಂದೊಂದು ಕಣ್ಣಿಗೆ ಒಂದೊಂದನ್ನು ತೋರಿಸಿದರೆ ನೆಲ ಎದ್ದು ನಿಲ್ಲುತ್ತದೆ, ಹಳ್ಳ ಹಳ್ಳವಾಗಿಯೇ ಕಾಣುತ್ತದೆ. ಇಲ್ಲಿ ಎರಡು ಕರಿಬಂಡೆಗಳ ನಡುವೆ ಹಾಸಿಕೊಂಡಿದ್ದ ಹಿಮ ಥಟ್ಟನೆ ಕಡಿದು ಕೆಳಗೆ ಬಿದ್ದಿತ್ತು. ಐವತ್ತು ಮೀಟರಿಗೆ ಕಡಿಮೆಯಿಲ್ಲದ ಗೋಡೆ. ಪಕ್ಕದಲ್ಲಿ ಹರಡಿದ್ದ ನಕ್ಷೆಯ ಹದಿನಾಲ್ಕನೇ ಶೀಟಿನಲ್ಲಿ ಅದೇ ಜಾಗದಲ್ಲಿ ನೆಲದ ಎತ್ತರ ತೋರಿಸುವ ಗೆರೆಗಳು, ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ, ಸಮಸಮ ದೂರದಲ್ಲಿ ಸಮುದ್ರದ ಅಂಚಿನಿಂದ ಮೇಲಕ್ಕೆ ಹತ್ತಿಹೋಗಿದ್ದವು. ಮಕ್ಕಳನ್ನು ಜಾರುಬಂಡೆ ಆಡಲು ಬಿಡಬಹುದಾದಷ್ಟು ಸೌಮ್ಯವಾದ ಇಳಿಜಾರು.

ಗುರುವಾರ, ಅರ್ಧ ದಿನದ ಆಫೀಸು. ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಕೆಳಗೆ, ಈ ಅರಬ್ ನಗರದ ಹಮ್ದಾನ್ ಸ್ಟ್ರೀಟಿನಲ್ಲಿ ಟ್ಯಾಕ್ಸಿಗಳು ಹಾರ್ನ್ ಹಾಕುತ್ತಿದ್ದವು. ಅಕ್ಟೋಬರ್ ಬಂದರೂ ಬಿಸಿಲು ಇಳಿದಿರಲಿಲ್ಲ. ನಾಲ್ಕನೇ ಮಹಡಿಯ ಈ ನಕ್ಷೆ ಕಂಪನಿಯಲ್ಲಿ ಕೆಲಸ ಮಾಡುವ ಹದಿಮೂರು ಜನರಲ್ಲಿ ಒಬ್ಬರೂ ಹಿಮವನ್ನು ಕಣ್ಣಾರೆ ಕಂಡವರಲ್ಲ. ಇಷ್ಟು ವರ್ಷ ಮರಳುಗಾಡಿನ ನಕ್ಷೆ, ಪೈಪ್‌ಲೈನಿನ ನಕ್ಷೆ ಮಾಡಿಕೊಂಡಿದ್ದವರು. ಹೋದ ವರ್ಷ ಯೂರೋಪಿನ ಒಂದು ಸಂಸ್ಥೆ ಅಂಟಾರ್ಕ್ಟಿಕಾದ ಕರಾವಳಿಯ ಎತ್ತರದ ನೆಲವನ್ನು ಇಪ್ಪತ್ತು ಶೀಟುಗಳಲ್ಲಿ ಬಿಡಿಸಿಕೊಡುವವರನ್ನು ಹುಡುಕುತ್ತಿತ್ತು. "ಮರಳು ಓದುವವರಿಗೆ ಹಿಮ ಎಂಥ ದೊಡ್ಡದು?" ಎಂದು ಮ್ಯಾನೇಜರ್ ಆಗಸ್ಟಿನ್ ಪಾಯ್ಸ್ ಫೋನಿನಲ್ಲಿ ಹೇಳಿದ್ದರು. ಆ ಒಂದು ಮಾತಿಗೇ ಕೆಲಸ ಸಿಕ್ಕಿತೆಂದು ಈಗಲೂ ಹೇಳಿಕೊಳ್ಳುತ್ತಿದ್ದರು.

ಗರ್ಟ್ರೂಡಳ ಮೇಜಿನ ಮೇಲೆ ಆ ಸಂಸ್ಥೆಯ ಫ್ಯಾಕ್ಸ್ ಬಿದ್ದಿತ್ತು. ಹದಿನಾಲ್ಕನೇ ಶೀಟು ಭಾನುವಾರದೊಳಗೆ ಕೇಪ್‌ಟೌನಿನಲ್ಲಿರುವ ಹಡಗು ಸೇರಬೇಕು. ಹಡಗಿನಿಂದಿಳಿಯುವ ಆರು ಜನ, ಎರಡು ಹಿಮದ ಟ್ರ್ಯಾಕ್ಟರುಗಳಲ್ಲಿ, ಆ ಎರಡು ಕರಿಬಂಡೆಗಳ ನಡುವಿನಿಂದಲೇ ಮೇಲಿನ ಬಯಲಿಗೆ ಹತ್ತುವವರಿದ್ದಾರೆ. ದಿನದ ಬೆಳಕು ಚೆನ್ನಾಗಿದ್ದರೆ ಸರಿ. ಮಂಜು ಕವಿದರೆ ಅವರಿಗೆ ನಕ್ಷೆಯೇ ಕಣ್ಣು. ಗೋಡೆ ಕಂಡು ಬೇರೆ ಕಡೆಯಿಂದ ಹತ್ತಿದರೂ, ವಾಪಸು ಬರುವಾಗ ಮಂಜಿನಲ್ಲಿ ನಕ್ಷೆಯನ್ನು ನಂಬಿ ನೇರ ಆ ಮೆಟ್ಟಿಲಿನ ಅಂಚಿಗೇ ಬರಬಹುದು.

"ಸಹಿ ಆಯ್ತಾ ಬಾಯೆ?" ಆಗಸ್ಟಿನ್ ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ಶೀಟು ಸುತ್ತಿ ಹಾಕುವ ರಟ್ಟಿನ ಕೊಳವೆ. "ಕೊರಿಯರ್‌ನವ ಹನ್ನೆರಡೂವರೆಗೆ ಬರ್ತಾನೆ. ಒಂದು ಗಂಟೆಗೆ ಅವರ ಆಫೀಸು ಖಲಾಸ್."

"ಸ್ವಲ್ಪ ನೋಡ್ಲಿಕ್ಕುಂಟು ಬಾಬ್."

"ಎಂಥ ನೋಡುದು ಅದರಲ್ಲಿ? ಬರೀ ಬಿಳಿ. ನಮ್ಮ ಫ್ರಿಜ್‌ನ ಫ್ರೀಜರ್ ಬಾಗಿಲು ತೆಗೆದ್ರೆ ಇದಕ್ಕಿಂತ ಚಂದ ಗುಡ್ಡ ಕಾಣ್ತದೆ." ಅವರು ತಾವೇ ನಕ್ಕರು. ಅವಳು ನಗಲಿಲ್ಲವೆಂದು ಕಂಡಾಗ ಹುಬ್ಬು ಮೇಲೆ ಹೋಯಿತು. "ಏನಾದ್ರೂ ಉಂಟಾ?"

"ಹನ್ನೆರಡೂವರೆಗೆ ಕೊಡ್ತೇನೆ."

ಆಗಸ್ಟಿನ್ ಅವಳನ್ನೊಮ್ಮೆ ನೋಡಿ, ಕೊಳವೆಯನ್ನು ಅವಳ ಕುರ್ಚಿಗೆ ಒರಗಿಸಿ ಹೋದರು.

ಶೀಟಿನ ಕೆಳಮೂಲೆಯಲ್ಲಿ ಎರಡು ಪುಟ್ಟ ಚೌಕಗಳಿದ್ದವು. ಬಿಡಿಸಿದವರ ಚೌಕದಲ್ಲಿ ದ್ವಾರಕನಾಥರ ಮೊದಲಕ್ಷರಗಳು ಮುತ್ತಿನ ಹಾಗೆ ಕೂತಿದ್ದವು. ಪರೀಕ್ಷಿಸಿದವರ ಚೌಕ ಖಾಲಿ. ಅದು ಅವಳದು.

ಮೈಸೂರಿನ ದ್ವಾರಕನಾಥರು ತಪ್ಪು ಮಾಡುವುದೆಂದರೆ ಅವಳಿಗೆ ನಂಬಲಾಗಲಿಲ್ಲ. ಆರು ವರ್ಷದ ಕೆಳಗೆ ಟೈಪಿಸ್ಟ್ ಆಗಿ ಬಂದಿದ್ದ ಅವಳು ಮಧ್ಯಾಹ್ನದ ಬಿಡುವಿನಲ್ಲಿ ನಕ್ಷೆ ಬಿಡಿಸುವ ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವರು ಒಂದು ದಿನ, "ನಿಂತು ಯಾಕಮ್ಮ ನೋಡ್ತೀಯ? ಕಾಲು ನೋಯಲ್ವಾ?" ಎಂದು ಸ್ಟೂಲು ಸರಿಸಿಕೊಟ್ಟಿದ್ದರು. ಕೆಲಸ ಕಲಿಸುತ್ತೇನೆಂದು ಅವರು ಒಮ್ಮೆಯೂ ಹೇಳಲಿಲ್ಲ. ದಿನವೂ ಸ್ಟೂಲು ಮಾತ್ರ ಅಲ್ಲಿರುತ್ತಿತ್ತು. ಮೂರು ವರ್ಷದ ಮೇಲೆ ಅವಳು ಪರೀಕ್ಷಕಿಯಾದಾಗ, "ಇನ್ಮೇಲೆ ನನ್ನ ತಪ್ಪು ಹಿಡಿಯೋಳು ನೀನೇ. ಹೆದರ್‌ಬೇಡ" ಎಂದಿದ್ದರು. ಇಷ್ಟು ದಿನ ಹಿಡಿಯುವುದಕ್ಕೆ ಒಂದೂ ಇರಲಿಲ್ಲ.

ಅವಳು ಶೀಟನ್ನು ಮತ್ತೊಮ್ಮೆ ನೋಡಿದಳು. ಬಂಡೆಗಳು ಚಾಚೂ ತಪ್ಪದೆ ಇದ್ದವು. ಪ್ರತಿ ಮೊನೆ, ಪ್ರತಿ ಬಿರುಕು. ಹಿಮ ಶುರುವಾಗುವ ಕಡೆಯಿಂದ ಮಾತ್ರ ಗೆರೆಗಳು ವಿಪರೀತ ಚೆಲುವಾಗಿದ್ದವು. ಗಾಳಿ ಕೊರೆದ ನೆಲದಲ್ಲಿ ಅಷ್ಟು ಚೆಲುವಾದ ಗೆರೆ ಬರುವುದು ಹೇಗೆ?

ಯಂತ್ರದ ಕೋಣೆಯ ಬಾಗಿಲು ಓರೆಯಾಗಿತ್ತು. ದ್ವಾರಕನಾಥರು ಬೆನ್ನು ಹಾಕಿ ಕುಳಿತಿದ್ದರು. ಆಳೆತ್ತರದ ಯಂತ್ರ, ಎರಡು ಕಣ್ಣಿಗೆ ಎರಡು ಮಸೂರ, ಎರಡು ಕೈಗೆ ಎರಡು ಚಕ್ರ, ಕಾಲಿಗೊಂದು ತಟ್ಟೆ. ಮಸೂರದಲ್ಲಿ ಕಾಣುವ ಬೆಳಕಿನ ಚುಕ್ಕೆಯನ್ನು ಕಾಲಿನಿಂದ ಏರಿಸಿ ಇಳಿಸಿ ಸರಿಯಾಗಿ ನೆಲಕ್ಕೆ ಮುಟ್ಟಿಸಬೇಕು. ಎತ್ತರವನ್ನು ಹಾಗೆಯೇ ಹಿಡಿದು, ಚುಕ್ಕೆ ನೆಲ ಬಿಡದಂತೆ ಕೈಯಿಂದ ನಡೆಸಿದರೆ ಪಕ್ಕದ ಮೇಜಿನ ಮೇಲಿನ ಪೆನ್ಸಿಲು ತಾನಾಗಿ ಗೆರೆ ಎಳೆಯುತ್ತದೆ. ಎರಡು ಕಣ್ಣೂ ಕೂಡಿ ನೋಡಿದರೆ ಮಾತ್ರ ಚುಕ್ಕೆ ನೆಲದ ಮೇಲಿದೆಯೋ ತೇಲುತ್ತಿದೆಯೋ ತಿಳಿಯುವುದು.

ಅವರು ಬಲಗಣ್ಣನ್ನು ಬಲಮಸೂರಕ್ಕೆ ಇಟ್ಟರು. ಆಮೇಲೆ ತಲೆಯನ್ನು ಎಡಕ್ಕೆ ಸರಿಸಿ ಅದೇ ಬಲಗಣ್ಣನ್ನು ಎಡಮಸೂರಕ್ಕೆ ಇಟ್ಟರು. ಮತ್ತೆ ಬಲಕ್ಕೆ. ಮತ್ತೆ ಎಡಕ್ಕೆ. ಕಾಳು ಹೆಕ್ಕುವ ಕೋಳಿಯ ಹಾಗೆ.

ಗರ್ಟ್ರೂಡ್ ಚೌಕಟ್ಟು ಹಿಡಿದುಕೊಂಡಳು. ಒಂದೇ ಕಣ್ಣಿನಲ್ಲಿ ಎರಡೂ ಫೋಟೋ ನೋಡಿ ಚುಕ್ಕೆಯನ್ನು ಹೊಂದಿಸುವುದು ಬಂಡೆಯ ಮೇಲಾದರೆ ಸಾಧ್ಯ. ಗುರುತಿಗೆ ಒಂದು ಬಿರುಕಾದರೂ ಇರುತ್ತದೆ. ಬಿಳಿ ಹಿಮದಲ್ಲಿ ಗುರುತೆಲ್ಲಿ? ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ಲೆಕ್ಕ ಹಾಕಿ, ನಡುವೆ ಕೈಯಿಂದ ಎಳೆದಿದ್ದಾರೆ. ಈಚೆಗೆ ಅವರು ಊಟದ ಹೊತ್ತಿನಲ್ಲೂ ಏಳದೆ ಕೂರುತ್ತಿದ್ದುದು ಇದಕ್ಕೆ.

"ಬಾಮ್ಮ," ಅವರು ತಿರುಗದೆ ಹೇಳಿದರು. "ನಿನ್ನ ಚಪ್ಪಲಿ ಶಬ್ದ ನಂಗೆ ಗೊತ್ತಾಗುತ್ತೆ. ಹದಿನಾಲ್ಕು ಕಳಿಸಿದ್ಯಾ?"

"ಇಲ್ಲ ಸರ್. ಅಲ್ಲಿ ಒಂದು ಮೆಟ್ಟಿಲುಂಟು. ಎರಡು ಬಂಡೆಗಳ ನಡುವೆ."

"ನೆರಳಿರಬೇಕು."

"ನೆರಳಲ್ಲ. ನಾಲ್ಕು ಸಲ ನೋಡಿದೆ."

ಚಕ್ರದ ಮೇಲಿದ್ದ ಅವರ ಕೈ ನಿಂತಿತು. "ಎಷ್ಟು?"

"ಐವತ್ತು ಮೀಟರ್ ಬರ್ತದೆ."

ದ್ವಾರಕನಾಥರು ಕುರ್ಚಿಯನ್ನು ನಿಧಾನವಾಗಿ ತಿರುಗಿಸಿದರು. ಐವತ್ತೆರಡರ ಮನುಷ್ಯ, ಆ ಗಳಿಗೆಯಲ್ಲಿ ಇನ್ನೂ ಹಿರಿಯರಾಗಿ ಕಂಡರು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಬಾಗಿಲಲ್ಲಿ ಎಷ್ಟು ಹೊತ್ತಿಂದ ನಿಂತಿದ್ದೆ?"

ಅವಳ ನೋಟ ಎಡಮಸೂರದ ಕಡೆ ಹೋಯಿತು. ಅವರಿಗೆ ಅಷ್ಟು ಸಾಕಾಯಿತು.

"ಎಡಗಣ್ಣಿನ ನಡುವೆ ಒಂದು ಮಸಿ ಚುಕ್ಕೆ," ಅವರು ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದರು. "ಎಲ್ಲಿ ನೋಡಿದ್ರೆ ಅಲ್ಲಿ ಅದೇ. ರಜೆಗೆ ಹೋದಾಗ ಡಾಕ್ಟರ್ ಹೇಳಿದ್ರು, ಆಪರೇಷನ್ನಿಗೆ ಬಗ್ಗೋದಲ್ಲ ಅಂತ. ಏಪ್ರಿಲ್‌ನಿಂದ ಹೀಗೆ." ಆಮೇಲೆ ಸ್ವಲ್ಪ ಬಗ್ಗಿ, ದನಿ ತಗ್ಗಿಸಿದರು. "ಮಗಳು ಮಾನ್ಯ ಹನ್ನೆರಡನೇ ಕ್ಲಾಸು. ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ. ಈಗ ಕೆಲಸ ಹೋಗಿ ನನ್ನ ವೀಸಾ ಕ್ಯಾನ್ಸಲ್ ಆದ್ರೆ ಮನೆಮಂದಿಯೆಲ್ಲ ತಿಂಗಳೊಳಗೆ ಹೊರಡಬೇಕು. ಅವಳ ವರ್ಷ ಹೋಗುತ್ತೆ. ಐದು ತಿಂಗಳು ಕಣಮ್ಮ. ಐದೇ ತಿಂಗಳು."

"ಸರ್..."

"ಇವತ್ತು ಸಹಿ ಹಾಕಿ ಕಳಿಸು. ಶನಿವಾರ ನಾನೇ ತಿದ್ದುಪಡಿ ಫ್ಯಾಕ್ಸ್ ಮಾಡ್ತೀನಿ. ಹಡಗು ಆ ಹಿಮದ ದಡ ತಲುಪೋಕೆ ಇನ್ನೂ ಹತ್ತು ದಿನ ಇದೆ."

ಗರ್ಟ್ರೂಡಳಿಗೆ ಆಗಬಹುದು ಎನಿಸಿತು, ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅದಕ್ಕೇ ಅವಳು ಹೆದರಿದಳು. ಶನಿವಾರ ಫ್ಯಾಕ್ಸ್ ಹೋಗಬಹುದು. ಹಡಗಿನಲ್ಲಿ ಯಾರೋ ಅದನ್ನು ಯಾವುದೋ ಕಡತಕ್ಕೆ ಸೇರಿಸಬಹುದು. ಟ್ರ್ಯಾಕ್ಟರ್ ಓಡಿಸುವವನ ಮೊಣಕಾಲ ಮೇಲೆ ಇರುವುದು ಮಾತ್ರ ಶೀಟು, ಫ್ಯಾಕ್ಸ್ ಅಲ್ಲ.

"ಈ ದಾರಿಯಲ್ಲಿ ಆರು ಜನ ಹೋಗ್ಲಿಕ್ಕುಂಟು ಸರ್," ಎಂದಳು. "ಅವರ ಮನೆಯಲ್ಲೂ ಮಕ್ಕಳಿರ್ತಾರೆ ಅಂತ ಹೇಳುದಿಲ್ಲ ನಾನು. ಆದ್ರೆ ಅವರು ಹೋಗ್ಲಿಕ್ಕುಂಟು."

ದ್ವಾರಕನಾಥರು ಕೈಗಳನ್ನು ಮೊಣಕಾಲ ಮೇಲೆ ಊರಿ ಎದ್ದರು. ಯಾರನ್ನೂ ಕೂರಿಸದ ಆ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು. ಅವಳು ಎತ್ತರದಲ್ಲಿ ಅವರಿಗಿಂತ ಗಿಡ್ಡ. ಬಗ್ಗಿ ತಿರುಪನ್ನು ತಿರುಗಿಸಿ ಕುರ್ಚಿಯನ್ನು ನಾಲ್ಕು ಬೆರಳು ಏರಿಸಿದರು.

"ಕೂತ್ಕೋ."

"ನಾನಾ?"

"ಕಲ್ತಿಲ್ವಾ? ಮೂರು ವರ್ಷ ಸ್ಟೂಲ್ ಮೇಲೆ ಕೂತು ಏನು ಮಾಡ್ದೆ, ನಿದ್ದೆ ಮಾಡ್ದ್ಯಾ? ಕೂತ್ಕೋಮ್ಮ, ಹೊತ್ತಿಲ್ಲ."

ಶೀಟನ್ನು ತಂದು ಹಾಸಿ, ಫೋಟೋಗಳನ್ನು ಯಂತ್ರಕ್ಕೆ ಜೋಡಿಸುವಷ್ಟರಲ್ಲಿ ಹನ್ನೊಂದೂವರೆ. ಬಂಡೆಗಳ ಮೇಲೆ ಚುಕ್ಕೆ ಸುಲಭವಾಗಿ ಕೂತಿತು. ಹಿಮದ ಅಂಚಿಗೆ ಬಂದದ್ದೇ ಅದು ತೇಲಾಡತೊಡಗಿತು. ಏರಿಸಿದರೂ ಅಷ್ಟೇ, ಇಳಿಸಿದರೂ ಅಷ್ಟೇ. ಎಲ್ಲ ಕಡೆ ಒಂದೇ ಬಿಳುಪು. ನೆಲವೇ ಇಲ್ಲದ ಹಾಗೆ.

"ಕೂರುದಿಲ್ಲ ಸರ್."

"ಹಿಮ ನೋಡ್ಬೇಡ. ಹಿಮದ ಮೇಲೆ ಗಾಳಿ ಏನು ಗೀಚಿದೆ ಅದನ್ನ ನೋಡು. ಸಣ್ಣ ಸಣ್ಣ ಉಗುರಿನ ಗೀರು ಇರುತ್ತೆ. ಲಿವಾ ಮರಳುಗಾಡಿನ ನಕ್ಷೆ ಮಾಡ್ದಾಗ ಹೇಗಿತ್ತು?"

"ಸೆರಗಿನ ನಿರಿ ಹಾಗೆ."

"ಅದೇ. ಇದು ಅದಕ್ಕಿಂತ ಸಣ್ಣದು. ಕಣ್ಣು ಸಡಿಲ ಬಿಡು. ಉಸಿರು ಹಿಡೀಬೇಡ."

ಅವಳು ಉಸಿರು ಬಿಟ್ಟಳು. ಬಿಳುಪಿನೊಳಗಿಂದ ಬೂದು ಗೀರೊಂದು ಮೇಲೆದ್ದು ಬಂತು, ಅದರ ಪಕ್ಕ ಇನ್ನೊಂದು. ಚುಕ್ಕೆ ಇಳಿಯಿತು, ಇಳಿಯಿತು, ಮುಟ್ಟಿತು.

"ಕೂತಿತು!"

"ಎತ್ತರ ಹೇಳು."

"ಮುನ್ನೂರ ಅರವತ್ತು."

ಅವಳ ಹಿಂದೆ ರಬ್ಬರಿನ ಸದ್ದು ಶುರುವಾಯಿತು. ದ್ವಾರಕನಾಥರು ಮೇಜಿನ ಮುಂದೆ ನಿಂತು ತಮ್ಮ ಗೆರೆಗಳನ್ನು ತಾವೇ ಅಳಿಸುತ್ತಿದ್ದರು. ಅವಳು ಗೆರೆ ನಡೆಸುವುದಕ್ಕೆ ಮುಂಚೆ ಆ ಜಾಗ ಸ್ವಚ್ಛವಾಗಿರಬೇಕಿತ್ತು. ಅವಳು ಹೇಳಿದಂತೆಲ್ಲ ಅವರು ಅಳಿಸಿ, ಪುಡಿಯನ್ನು ಅಂಗೈ ಅಂಚಿನಿಂದ ಸರಿಸಿ, "ಹ್ಞೂಂ, ಬಾ" ಎನ್ನುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ. ನೋಡಬಾರದೆಂದು ಅವಳಿಗೆ ಅನಿಸಿತ್ತು.

ಮೆಟ್ಟಿಲಿನ ಅಂಚಿಗೆ ಬಂದಾಗ ಗೆರೆಗಳು ಒಂದರ ಮೈಮೇಲೊಂದು ಬಿದ್ದವು. ಗೋಡೆ ಎರಡು ಕಿಲೋಮೀಟರ್ ಉದ್ದಕ್ಕೂ ಇತ್ತು. ಟ್ರ್ಯಾಕ್ಟರಿಗೆ ಅಲ್ಲಿ ದಾರಿಯೇ ಇರಲಿಲ್ಲ. ಅದರ ಆಚೆ, ಪೂರ್ವದ ಬಂಡೆಯ ಬೆನ್ನಿಗೆ, ಒಂದು ಅಂಗೈ ಅಗಲದ ಬಿಳುಪಿನಲ್ಲಿ ಚುಕ್ಕೆ ಯಾವ ಕಾರಣಕ್ಕೂ ನಿಲ್ಲಲಿಲ್ಲ. ಗೀರಿಲ್ಲ, ನೆರಳಿಲ್ಲ. ಹನ್ನೆರಡು ಇಪ್ಪತ್ತಾಗಿತ್ತು.

"ಇಲ್ಲಿ ಎಂಥ ಮಾಡುದು ಸರ್?"

"ನಿಜವಾಗ್ಲೂ ಏನೂ ಕಾಣಲ್ವಾ?"

"ಇಲ್ಲ."

"ಕಾಣದಿದ್ರೆ ಬಿಟ್ಬಿಡು," ಎಂದರು ದ್ವಾರಕನಾಥರು. ರಬ್ಬರನ್ನು ಮೇಜಿನ ಮೇಲಿಟ್ಟು, "ನಾನೂ ಬಿಡಬೇಕಾಗಿತ್ತು," ಎಂದರು.

ಬಾಗಿಲು ಪೂರ್ತಿ ತೆರೆಯಿತು. ಆಗಸ್ಟಿನ್ ಒಳಗೆ ಬಂದವರು ಕುರ್ಚಿಯಲ್ಲಿದ್ದ ಗರ್ಟ್ರೂಡಳನ್ನು ನೋಡಿದರು. ನಿಂತಿದ್ದ ದ್ವಾರಕನಾಥರನ್ನು, ಅವರ ಅಂಗಿಯ ಮುಂದೆಲ್ಲ ಹತ್ತಿದ್ದ ರಬ್ಬರಿನ ಪುಡಿಯನ್ನು ನೋಡಿದರು.

"ಎಂಥ ನಡೀತಾ ಉಂಟು ಇಲ್ಲಿ? ಕೊರಿಯರ್‌ನವ ಕೆಳಗೆ ಬಂದಾಯ್ತು. ಶೀಟಿನಲ್ಲಿ ಯಾಕೆ ತೂತು ಬಿದ್ದ ಹಾಗೆ ಬಿಳಿ ಉಂಟು?"

"ಬಾಬ್, ಅದು ನಾನೇ," ಗರ್ಟ್ರೂಡ್ ಗಡಬಡಿಸಿ ಎದ್ದಳು. "ನಾನೇ ಸರ್ ಹತ್ರ ಕೇಳಿದ್ದು, ಒಂದು ಸಲ ಮಾಡಿ ನೋಡ್ತೇನೆ ಅಂತ..."

"ನನ್ನ ಎಡಗಣ್ಣು ಹೋಗಿದೆ ಪಾಯ್ಸ್," ಎಂದರು ದ್ವಾರಕನಾಥರು. "ಏಪ್ರಿಲ್‌ನಿಂದ. ಈ ಶೀಟಿನ ಹಿಮ ಪೂರ್ತಿ ನಾನು ಊಹೆಯಿಂದ ಎಳೆದದ್ದು. ಈ ಹುಡುಗಿ ಹಿಡಿದಳು."

ಆಗಸ್ಟಿನ್‌ರ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. "ಏಪ್ರಿಲ್‌ನಿಂದ ಎಷ್ಟು ಶೀಟ್ ಹೋಯ್ತು?"

"ಇದು ಬಿಟ್ಟು ಎಂಟು."

"ಎಂಟು!" ಅವರು ಹಣೆಗೆ ಕೈ ಹೊಡೆದುಕೊಂಡರು. "ದೇವರೇ! ಒಂದು ಮಾತು ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ ಮಾರಾಯ್ರೆ ನಿಮಗೆ? ಹದಿಮೂರು ಜನರ ಹೊಟ್ಟೆ ಮೇಲೆ ಕಲ್ಲು ಹಾಕ್ಲಿಕ್ಕೆ ಹೊರಟ್ರಲ್ಲ! ಮತ್ತೆ ನೀನು," ಗರ್ಟ್ರೂಡಳತ್ತ ತಿರುಗಿದರು, "ನೀನು ಆ ಎಂಟಕ್ಕೂ ಸಹಿ ಹಾಕಿದ್ದಿ!"

ಅದು ನಿಜವಾಗಿತ್ತು. ದ್ವಾರಕನಾಥರ ಶೀಟೆಂದು ಅವಳು ಬಂಡೆಗಳನ್ನು ಮಾತ್ರ ನೋಡಿ, ಹಿಮವನ್ನು ನೋಡದೆ ಸಹಿ ಹಾಕಿದ್ದಳು. ಗುರುಗಳ ಕೆಲಸವನ್ನು ಕೆದಕುವುದು ಅವಿನಯವೆಂದುಕೊಂಡಿದ್ದಳು. ಇವತ್ತೂ ಫ್ಯಾಕ್ಸಿನಲ್ಲಿ ಆ ಆರು ಜನರ ಮಾತು ಇರದಿದ್ದರೆ ಹಾಗೆಯೇ ಮಾಡುತ್ತಿದ್ದಳು. ಅವಳು ತಲೆ ತಗ್ಗಿಸಿದಳು.

ಕೆಳಗಿನಿಂದ ಕೊರಿಯರ್ ವ್ಯಾನಿನ ಹಾರ್ನ್ ಎರಡು ಸಲ ಕೇಳಿಸಿತು. ಆಗಸ್ಟಿನ್ ಕಿಟಕಿಯ ಕಡೆ ನೋಡಿದರು, ಶೀಟಿನ ಕಡೆ ನೋಡಿದರು.

"ಇನ್ನೆಷ್ಟು ಹೊತ್ತು ಬೇಕು?"

"ಇಪ್ಪತ್ತು ನಿಮಿಷ," ಎಂದಳು ಗರ್ಟ್ರೂಡ್.

"ಕೂತ್ಕೊ."

ಅವರು ಹೊರಗೆ ಹೋಗುವಾಗ, ಮಸೂರಕ್ಕೆ ಬೀಳುತ್ತಿದ್ದ ಟ್ಯೂಬ್‌ಲೈಟಿನ ಹೊಳಪನ್ನು ಕಂಡು, ಸ್ವಿಚ್ಚು ಆರಿಸಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು. ಸ್ವಲ್ಪ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಅವರ ದನಿ ಏರಿತು: "ಅರೇ ಭಾಯ್, ಬೈಠೋ ಬೈಠೋ, ಚಾಯ್ ಪಿಯೋ. ಮಾಫಿ ಮುಷ್ಕಿಲ್, ಕೋಯಿ ಬಾತ್ ನಹೀ!" ಬಿಸಿಲಲ್ಲಿ ಬೆಂದು ಬಂದಿದ್ದ ಕೊರಿಯರ್‌ನ ಪಠಾಣನಿಗೆ ತಮ್ಮದೇ ಕೋಣೆಯ ಮೆತ್ತನೆಯ ಕುರ್ಚಿ ಕೊಟ್ಟು ಕೂರಿಸಿದ್ದು ಗರ್ಟ್ರೂಡಳಿಗೆ ಆಮೇಲೆ ಗೊತ್ತಾಯಿತು.

ಹನ್ನೆರಡು ನಲವತ್ತೈದಕ್ಕೆ ಕೊನೆಯ ಗೆರೆ ಮುಗಿಯಿತು. ಖಾಲಿ ಬಿಟ್ಟ ಜಾಗದಲ್ಲಿ ದ್ವಾರಕನಾಥರು ಸ್ಕೇಲಿಟ್ಟು, ಇಲ್ಲಿಯ ಎತ್ತರ ತಿಳಿದಿಲ್ಲ ಎಂದು ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಬರೆದರು. ಬಿಡಿಸಿದವರ ಚೌಕದಲ್ಲಿದ್ದ ತಮ್ಮ ಅಕ್ಷರಗಳ ಪಕ್ಕ ಅವಳವನ್ನೂ ಬರೆದರು. ಪರೀಕ್ಷಿಸಿದವರ ಚೌಕಕ್ಕೆ ಬಂದಾಗ ಇಬ್ಬರೂ ನಿಂತರು. ತಾನೇ ಬಿಡಿಸಿದ್ದಕ್ಕೆ ತಾನೇ ಸಹಿ ಹಾಕುವುದು ಕ್ರಮವಲ್ಲ. ಕೊಳವೆ ಹಿಡಿದು ಬಂದ ಆಗಸ್ಟಿನ್ ಗರ್ಟ್ರೂಡಳ ಮೇಜಿಗೆ ಬಗ್ಗಿ, ಅಲ್ಲಿದ್ದ ಫೋಟೋಗಳನ್ನು ಕನ್ನಡಿಯಲ್ಲಿ ಎರಡು ನಿಮಿಷ ನೋಡಿ, ಆ ಚೌಕದಲ್ಲಿ ತಮ್ಮ ಹೆಸರು ಹಾಕಿದರು. ಶೀಟು ಹೋಯಿತು.

ಆಫೀಸು ಖಾಲಿಯಾಗಿತ್ತು. ಆಗಸ್ಟಿನ್ ತಮ್ಮ ಕೋಣೆಯಲ್ಲಿ ಟೈಪ್ ಮಾಡುವ ಸದ್ದು ಕೇಳುತ್ತಿತ್ತು. ಒಂದೊಂದೇ ಬೆರಳಿನ ಟೈಪಿಂಗು. ಗರ್ಟ್ರೂಡ್ ಮಾಡಿಕೊಡುತ್ತೇನೆಂದರೆ ಬೇಡವೆಂದಿದ್ದರು. ಕಾಗದ ಹಿಡಿದು ಬಂದು ಬಾಗಿಲಲ್ಲಿ ನಿಂತರು.

"ಎಂಟು ಶೀಟನ್ನೂ ಉಪಯೋಗಿಸ್ಬೇಡಿ, ಮತ್ತೆ ನೋಡಿ ಕಳಿಸ್ತೇವೆ ಅಂತ ಬರ್ದಿದ್ದೇನೆ. ಶನಿವಾರ ಅವರ ಫೋನ್ ಬರ್ತದೆ. ಹೇಗಾಯ್ತು, ಯಾರು ಮಾಡಿದ್ದು ಅಂತ ಕೇಳ್ತಾರೆ. ನನಗೆ ಹೇಳಿ ಆಗ್ಬೇಕು ದ್ವಾರಕನಾಥ್."

"ಹೇಳಿ."

"ಆಮೇಲೆ ನನ್ನ ಕೈಯಲ್ಲಿ ಎಷ್ಟು ಉಳೀತದೆ ನಂಗೆ ಗೊತ್ತಿಲ್ಲ." ಅವರು ಕಾಗದ ತೆಗೆದುಕೊಂಡು ಹೋದರು. ಫ್ಯಾಕ್ಸ್ ಯಂತ್ರ ಕಿರ್ರೆಂದಿತು. ಸ್ವಲ್ಪ ಹೊತ್ತಿನ ಮೇಲೆ ಕಪಾಟಿನಿಂದ ಎಂಟು ಶೀಟುಗಳ ನಕಲುಗಳನ್ನು ತಂದು ಮೇಜಿನ ಮೇಲಿಟ್ಟರು. ಅದರ ಮೇಲೆ ಬೀಗದ ಕೈ. "ನಾಳೆ ಶುಕ್ರವಾರ, ರಜೆ. ಏಸಿ ಆರಿಸ್ಬೇಡಿ ಅಂತ ವಾಚ್‌ಮನ್‌ಗೆ ಹೇಳಿ ಹೋಗ್ತೇನೆ."

ಅವರು ಹೋದ ಮೇಲೆ ದ್ವಾರಕನಾಥರು ಮನೆಗೆ ಫೋನ್ ಮಾಡಿದರು. "ಮಾನ್ಯಾ, ಅಮ್ಮಂಗೆ ಹೇಳು, ಊಟಕ್ಕೆ ಕಾಯೋದು ಬೇಡ." ಆಚೆಯಿಂದ ಅವಳು ಇಂಗ್ಲಿಷಿನಲ್ಲಿ ಏನೋ ಕೇಳಿದಳು. "ಇಲ್ಲ ಕಂದ, ಏನಾಗಿಲ್ಲ. ನೀನು ಓದ್ಕೋ." ಫೋನಿಟ್ಟು ಮೇಜಿಗೆ ಬಂದರು.

"ನಿನ್ನ ನೀಲಿ ಪೆನ್ಸಿಲ್ ಕೊಡಮ್ಮ."

ತಪ್ಪಿಗೆ ಸುತ್ತು ಹಾಕುವ ಪೆನ್ಸಿಲು ಅದು, ಪರೀಕ್ಷಕರದು. ಅವಳು ಕೊಟ್ಟಳು. ಅವರು ಆರನೇ ಶೀಟನ್ನು ಹರಡಿ, ನಾಲ್ಕು ಮೂಲೆಗೂ ತೂಕವಿಟ್ಟು, ಬಲಗಣ್ಣಿಗೆ ಅನುಕೂಲವಾಗುವ ಹಾಗೆ ತಲೆಯನ್ನು ಸ್ವಲ್ಪ ಓರೆ ಮಾಡಿದರು. ಹುಡುಕಬೇಕಾಗಿರಲಿಲ್ಲ. ಎಲ್ಲೆಲ್ಲಿ ಕಾಣದೆ ಎಳೆದಿದ್ದರೋ ಅದೆಲ್ಲ ಅವರಿಗೆ ಬಾಯಿಪಾಠವಾಗಿತ್ತು.

"ಇಲ್ಲಿ," ಎಂದು ಒಂದು ಸುತ್ತು ಹಾಕಿದರು. "ಇಲ್ಲಿ. ಈ ಕೊಲ್ಲಿಯ ಮೇಲೂ. ಇಲ್ಲಿ."

ಗರ್ಟ್ರೂಡ್ ಯಂತ್ರದ ಮುಂದೆ ಕುಳಿತು ಮಸೂರಕ್ಕೆ ಕಣ್ಣಿಟ್ಟಳು. ಬಿಳುಪಿನ ಮೇಲೆ ಚುಕ್ಕೆ ತೇಲುತ್ತಿತ್ತು. ಅವಳು ಉಸಿರು ಬಿಟ್ಟು, ಕಾಲಿನ ತಟ್ಟೆಯನ್ನು ಒಂದು ಕೂದಲೆಳೆಯಷ್ಟು ಇಳಿಸಿ, ಕಾದಳು. ಬೆನ್ನ ಹಿಂದೆ ಕಾಗದದ ಮೇಲೆ ಪೆನ್ಸಿಲು ಇನ್ನೊಂದು ಸುತ್ತು ಬಂತು.